ಬೂಷ್ಟು ಹಿಡಿದ ಕಾಳು ಯಾರ ಪಾಲಿಗೆ?

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅಷ್ಟಕ್ಕೇ ರಾಜ್ಯದಲ್ಲಿ ಗದ್ದಲವೆದ್ದು ಅವರ ಮಂತ್ರಿಗಿರಿ ಹೋಯಿತು. ನಾವೀಗ ನಿಜವಾದ ಬೂಸಾದ ಮಾತಾಡಬೇಕಾಗಿದೆ. ನಮ್ಮ ಕೇರಿಯ ಹಂದಿಗಳ ಬಾನಿಗೆ ಬೀಳುವ ಬೂಷ್ಟು ಹಿಡಿದ ತೌಡು, ನುಚ್ಚಿನ ಮಾತು.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿದ್ದಾಪುರ, ಕಾರಟಗಿ, ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ನಾಟಿಗೆ ಬೆನ್ನು ಬಗ್ಗಿಸಿದವರು ನಾವು. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದರೆ ಹಸಿ ಭತ್ತ ರಾಶಿಯಲ್ಲೇ ಕಾವೇರಿ ಬೂಷ್ಟು ಹಿಡಿಯುತ್ತದೆ. ಒಳ್ಳೆ ಅಕ್ಕಿ ಲಾರಿ ಹತ್ತಿ ಪಟ್ಟಣಕ್ಕೆ ಹೋಗುತ್ತದೆ. ಕಪ್ಪಾದ ನುಚ್ಚು, ಗಂಟು ಕಟ್ಟಿದ ತೌಡು, ಕುಷ್ಟಗಿ-ಯಲಬುರ್ಗಾ ಕಡೆಯ ನೆನೆದ ಮೆಕ್ಕೆಜೋಳ ಅಗ್ಗದ ರೇಟಿಗೆ ಹಂದಿ ಸಾಕುವ ಕೊರವರ ಮನೆಗೆ, ನಮ್ಮ ಮನೆಗೆ ಬರುತ್ತವೆ. ‘ಹಂದಿಗೇನಾಗ್ತದ, ಹಾಕ್ರಿ’ ಅಂತಾರೆ.

ಏನಾಗ್ತದ? ಕೇಳ್ರಿ. ಬೂಷ್ಟಿನಲ್ಲಿ ವಿಷ ಹುಟ್ಟುತ್ತದೆ. ಅಫ್ಲಟಾಕ್ಸಿನ್ ಎಂಬುದು ಹಂದಿಯ ಪಿತ್ತಜನಕಾಂಗವನ್ನೇ ಹಾಳು ಮಾಡುತ್ತದೆ. ಹಂದಿ ಮೇವು ಬಿಡುತ್ತದೆ, ಸೊರಗುತ್ತದೆ, ಸಾಯುತ್ತದೆ. ಮೆಕ್ಕೆಜೋಳದಲ್ಲಿ ಬರುವ ಫ್ಯುಮೊನಿಸಿನ್ ಹೆಚ್ಚಾದರೆ ಹಂದಿಯ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಇನ್ನೊಂದು, ಜಿಯರಲೆನೋನ್, ಹೆಣ್ಣು ಹಂದಿ ಗಬ್ಬ ನಿಲ್ಲದಂತೆ ಮಾಡುತ್ತದೆ. ಕುದಿಸಿದರೆ ಬೂಷ್ಟು ಸಾಯುತ್ತದೆ, ವಿಷ ಸಾಯುವುದಿಲ್ಲ. ಬಿಸಿಲಿಗೆ ಹಾಕಿದರೆ ಹೊಸ ಬೂಷ್ಟು ಬೆಳೆಯುವುದಿಲ್ಲ, ಹುಟ್ಟಿದ ವಿಷ ಹೋಗುವುದಿಲ್ಲ. ಭತ್ತ ಕುಟ್ಟಿದಾಗ ವಿಷದ ಹೆಚ್ಚು ಪಾಲು ಉಳಿಯುವುದು ತೌಡಿನಲ್ಲೇ. ಅಂದರೆ ಅಕ್ಕಿ ಅವರಿಗೆ, ವಿಷ ನಮಗೆ!

ಇದು ಹಂದಿಯ ಮಾತಷ್ಟೇ ಅಂದುಕೊಂಡವರು ಹಿಂದಿನದನ್ನು ನೆನೆಯಬೇಕು. 1974ರಲ್ಲಿ ರಾಜಸ್ಥಾನ, ಗುಜರಾತಿನ ಆದಿವಾಸಿ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದನ್ನೇ ತಿಂದ ನಾಯಿಗಳೂ ಸತ್ತವು. 1995ರಲ್ಲಿ ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ನೆನೆದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಹತ್ತಿತು. ತಜ್ಞರು 50 ಹಳ್ಳಿ ನೋಡಿದರು, 27ರಲ್ಲಿ ಬೇನೆ ಇತ್ತು. ಒಳ್ಳೆ ಕಾಳು ತಿಂದ ಮನೆಗಳಿಗೆ ಏನೂ ಆಗಲಿಲ್ಲ. ಕೆಟ್ಟ ಕಾಳು ಯಾವ ಮನೆಯ ರೊಟ್ಟಿಯಾಗುತ್ತದೆ ಎಂದು ನಾವು ಬಿಡಿಸಿ ಹೇಳಬೇಕೇ?

ಕೆಟ್ಟದ್ದನ್ನೆಲ್ಲ ಚೆಲ್ಲಿರಿ ಎಂದು ಬಡವರಿಗೆ ಹೇಳುವುದು ಸುಲಭ. ಒಂದು ಚೀಲ ತೌಡು ಚೆಲ್ಲಿದರೆ ನಾಳೆ ಹಂದಿಗೆ ಏನು ಹಾಕಬೇಕು? ನಮಗೂ ಗೊತ್ತು. ಆದರೆ ಹಂದಿ ನಮ್ಮ ಬ್ಯಾಂಕು. ಮಗಳ ಮದುವೆ, ಮಗನ ಫೀಜು, ಆಸ್ಪತ್ರೆ ಖರ್ಚು ಅದರ ಬೆನ್ನ ಮೇಲಿವೆ. ಅಗ್ಗದ ಚೀಲಕ್ಕೆ ಬ್ಯಾಂಕನ್ನೇ ಕೊಡುವುದು ಲೆಕ್ಕವಲ್ಲ.

ಅದಕ್ಕೆ ಕೈಲಾದಷ್ಟು ಹೀಗೆ ಮಾಡೋಣ. ಕೊಳ್ಳುವ ಮೊದಲು ಚೀಲದೊಳಗೆ ಕೈ ಹಾಕಿ ನೋಡ್ರಿ: ಬಿಸಿ, ಮುಗ್ಗಲು ವಾಸನೆ, ಗಂಟು ಇದ್ದರೆ ಬೇಡ ಅನ್ರಿ. ಕಾಳು ಕೊಂಡರೆ ಗಾಳಿಗೆ ತೂರಿ ಒಡಕು, ಧೂಳು ತೆಗೀರಿ. ಕರಿಕಾಳು, ಟೊಳ್ಳುಕಾಳು ಆರಿಸಿ ಸುಟ್ಟುಬಿಡ್ರಿ. ಹಲ್ಲಿಗೆ ಕಟಕ್ಕನೆ ಒಡೆಯುವ ಹಾಗೆ ಒಣಗಿಸಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಕಿಸದೆ ಹಲಗೆಯ ಮೇಲಿಡಿ. ಬಾನಿಯನ್ನು ದಿನಾ ತೊಳೀರಿ. ಗಬ್ಬದ ಹಂದಿಗೆ, ಮರಿಗೆ ಅನುಮಾನದ ಕಾಳು ಹಾಕಲೇಬೇಡ್ರಿ. ಮೇವಿಗೆ ಬೆರೆಸಲು ಮಣ್ಣಿನ ಪುಡಿ ಮಾರುತ್ತಾರೆ. ಅದು ಅಫ್ಲಟಾಕ್ಸಿನ್ ಹಿಡಿದೀತು, ಉಳಿದ ವಿಷಗಳನ್ನು ಅಷ್ಟಾಗಿ ಹಿಡಿಯದು. ಅದನ್ನೇ ನಂಬಿ ಕೂಡಬೇಡಿ.

ಇಷ್ಟು ನಮ್ಮ ಕೆಲಸ. ಸರಕಾರದ ಕೆಲಸ ಏನು? ಮನುಷ್ಯರು ತಿನ್ನುವ ಕಾಳಿನಲ್ಲಿ ಕಿಲೋಗೆ 15 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಬಾರದೆಂದು ಕಾನೂನಿದೆ. ಆದರೆ ಕಣ್ಣಿಗೆ ಕಾಣದ ವಿಷವನ್ನು ಕೇರಿಯವರು ಅಳೆಯುವುದು ಹೇಗೆ? ಹಂದಿ ಸತ್ತರೆ ‘ಬೇನೆ ಬಂತು’ ಎಂದು ಹೂತುಬಿಡುತ್ತೇವೆ. ಅದು ಹಂದಿಜ್ವರವೋ ಬೂಷ್ಟಿನ ವಿಷವೋ ಕೊಯ್ದು ನೋಡದೆ ತಿಳಿಯದು. ಎಮ್ಮೆ ಸತ್ತರೆ ಬರುವ ಡಾಕ್ಟರು ಹಂದಿ ಸತ್ತರೂ ಬರಬೇಕು. ಮೇವಿನ ಮಾದರಿ ಪರೀಕ್ಷೆಗೆ ಹೋಗಬೇಕು, ಫಲಿತಾಂಶ ಕೇರಿಗೆ ಮುಟ್ಟಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳೋಣ, ಬರೆಸೋಣ.

ಬಂಧುಗಳೇ, ಕೂಲಿಗೂ ಬೂಷ್ಟಿನ ಕಾಳು ಬೇಡ, ಹಂದಿಗೂ ಬೇಡ. ಬೆಳೆದ ಕೈಗೆ ಒಳ್ಳೆ ಕಾಳು ಸಲ್ಲಬೇಕು.