ಚಾಪೆಯ ಮೇಲೆ ಮಲಗಿದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಸೇವಾ ರೋಬೋಟ್ ಮಾನಕ ಕುರಿತ ಮನವಿ ಪತ್ರ

ಗೆ,
ಮಹಾನಿರ್ದೇಶಕರು,
ಭಾರತೀಯ ಮಾನಕ ಬ್ಯೂರೊ, ಮಾನಕ ಭವನ, ನವದೆಹಲಿ
(ಬೆಂಗಳೂರು ಶಾಖಾ ಕಚೇರಿಯ ಮುಖಾಂತರ)

ವಿಷಯ: ಆಸ್ಪತ್ರೆಗಳಲ್ಲಿ ಓಡಾಡುವ ಸೇವಾ ರೋಬೋಟ್‌ಗಳ ಸುರಕ್ಷತಾ ಪರೀಕ್ಷೆಯಲ್ಲಿ ನೆಲದ ಮೇಲೆ ಕೂರುವ, ಮಲಗುವ ಜನರನ್ನೂ ಸೇರಿಸುವ ಬಗ್ಗೆ.

ಮಾನ್ಯರೇ,

ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್‌ಗಳು, ಆಯಾಗಳು, ವಾರ್ಡ್ ಸಹಾಯಕರು ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ. ರೋಬೋಟ್ ಬೇಡ ಎನ್ನುವವರು ನಾವಲ್ಲ. 2020ರ ಕೋವಿಡ್ ದಿನಗಳಲ್ಲಿ ಈ ನಗರದ ಆಸ್ಪತ್ರೆಯ ಬಾಗಿಲಲ್ಲೇ ರೋಬೋಟ್ ನಿಂತು ಬಂದವರ ಜ್ವರ ನೋಡಿದೆ. ಊಟದ ಟ್ರೇ, ಬೆಡ್‌ಶೀಟಿನ ಗಂಟು ಹೊರುವ ಕೆಲಸ ಯಂತ್ರಕ್ಕೆ ಹೋದರೆ ಮೊದಲು ಖುಷಿಪಡುವುದು ನಮ್ಮ ಮಂಡಿಗಳೇ.

ನಮ್ಮಲ್ಲೊಬ್ಬರು ದುಡಿಯುವ ಹೆರಿಗೆ ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತೇವೆ. ಬೆಳಗಿನ ಜಾವ, ಅರ್ಧ ದೀಪ ಆರಿಸಿದ ಕಾರಿಡಾರು. ಮಗಳ ಬಾಣಂತನಕ್ಕೆ ಬಂದಿದ್ದ ಅಜ್ಜಿಯೊಬ್ಬರು ಗೋಡೆ ಪಕ್ಕ ಚಾಪೆ ಹಾಸಿ ಮಲಗಿದ್ದರು. ಟ್ರೇ ಹೊತ್ತು ಬಂದ ರೋಬೋಟ್ ಅವರ ತಲೆದೆಸೆಯಲ್ಲಿದ್ದ ಫ್ಲಾಸ್ಕನ್ನು ಕಂಡು ಜಾಣತನದಿಂದ ಸುತ್ತುಹಾಕಿತು. ಸುತ್ತುಹಾಕುವಾಗ ಸೆರಗು ಚಕ್ರಕ್ಕೆ ಸಿಕ್ಕಿತು. ಯಂತ್ರ ದಾರಿ ಬಿಡಿ ಎಂದು ಇಂಗ್ಲಿಷಿನಲ್ಲಿ ಕೋರುತ್ತಿದ್ದರೆ, ಅಜ್ಜಿ "ಯಾರೋ ನೀನು, ಬಿಡೋ ಸೆರಗ" ಎಂದು ಕೂಗುತ್ತಿದ್ದರು. ನಿಲ್ಲಿಸುವ ಗುಂಡಿ ಹಿಂಬದಿಯಲ್ಲಿ, ಗೋಡೆಯ ಕಡೆಗಿತ್ತು. ಅದನ್ನು ಒತ್ತಿದ ಮೇಲೆ ಚಕ್ರಗಳು ಬಿಗಿದುಕೊಂಡವು, ಸೆರಗು ಒಳಗೇ ಉಳಿಯಿತು. ಕೊನೆಗೆ ಕತ್ತರಿಯಿಂದ ಸೀರೆ ಕತ್ತರಿಸಿದೆವು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ.

ಫ್ಲಾಸ್ಕ್ ಕಂಡ ಯಂತ್ರಕ್ಕೆ ಅಜ್ಜಿಯ ಸೆರಗು ಏಕೆ ಕಾಣಲಿಲ್ಲ? ಇಂಥ ಹಲವು ರೋಬೋಟ್‌ಗಳ ಲೇಸರ್ ಸಂವೇದಕ ನೆಲದಿಂದ ಒಂದೇ ಎತ್ತರದಲ್ಲಿ ಗೆರೆ ಎಳೆದಂತೆ ಸುತ್ತ ನೋಡುತ್ತದೆ. ಗೆರೆಗಿಂತ ಕೆಳಗಿರುವ ಕೈ, ಬಟ್ಟೆ, ಮಗುವಿನ ಬೆರಳು ಅದರ ಪಾಲಿಗೆ ಇಲ್ಲವೇ ಇಲ್ಲ. ದೂರ ಅಳೆಯುವ ಕ್ಯಾಮೆರಾವನ್ನೂ ಕೂರಿಸಿದರೆ ಕೊರತೆ ಬಹಳಷ್ಟು ನೀಗುತ್ತದೆ, ಖರ್ಚು ಏರುತ್ತದೆ.

ಮನೆಗೆಲಸಕ್ಕೆ ನೆರವಾಗುವ, ದೇಹಕ್ಕೆ ಬಲ ಕೊಡುವ, ಜನರನ್ನು ಹೊತ್ತೊಯ್ಯುವ ರೋಬೋಟ್‌ಗಳಿಗೆ ಐಎಸ್‌ಒ 13482 ಎಂಬ ಅಂತರರಾಷ್ಟ್ರೀಯ ಮಾನಕ 2014ರಲ್ಲೇ ಬಂದಿದೆ. ವೈದ್ಯಕೀಯ ಉಪಕರಣವೆನಿಸುವ ರೋಬೋಟ್ ಅದರ ವ್ಯಾಪ್ತಿಯ ಹೊರಗಿದೆ. ಆಸ್ಪತ್ರೆಯಲ್ಲಿ ಟ್ರೇ ಹೊರುವ ಯಂತ್ರ ವೈದ್ಯಕೀಯ ಉಪಕರಣವೂ ಅಲ್ಲ, ಮನೆಯಾಳೂ ಅಲ್ಲ. ಕಾರ್ಖಾನೆಯಲ್ಲಿ ಮನುಷ್ಯರ ಜೊತೆ ದುಡಿಯುವ ರೋಬೋಟ್‌ಗಳಿಗಾಗಿ 2016ರಲ್ಲಿ ಹೊರಬಂದ ಐಎಸ್‌ಒ/ಟಿಎಸ್ 15066 ದೇಹದ ಯಾವ ಭಾಗ ಎಷ್ಟು ಒತ್ತಡ ತಡೆದೀತೆಂದು ಅಂಕಿ ಕೊಡುತ್ತದೆ, ಮುಖಕ್ಕೆ ತಾಗುವುದನ್ನಂತೂ ಒಪ್ಪುವುದಿಲ್ಲ. ಆ ನೋವಿನ ಮಿತಿಗಳನ್ನು ಅಳೆದದ್ದು ಆರೋಗ್ಯವಂತ ವಯಸ್ಕರ ಮೇಲೆ. ನಿಂತವರ ತೊಡೆಗೆ ತಾಗುವ ಅದೇ ಅಂಚು ಚಕ್ಕಳಮಕ್ಕಳ ಹಾಕಿ ಕೂತವರ ಮುಖಕ್ಕೆ ಬಡಿಯುತ್ತದೆ. ಹೊರಗಿನ ಮಾನಕವನ್ನು ಇದ್ದ ಹಾಗೇ ಅಳವಡಿಸಿಕೊಳ್ಳುವ ಪದ್ಧತಿ ಬ್ಯೂರೊದಲ್ಲಿದೆ. ಇಲ್ಲಿ ಅಷ್ಟು ಸಾಲದು.

ಆದ್ದರಿಂದ ನಮ್ಮ ಮೊದಲ ಬೇಡಿಕೆ: ಪರೀಕ್ಷಾಲಯದಲ್ಲಿ ಚಾಪೆಯ ಮೇಲೆ ಕೈಚಾಚಿ ಮಲಗಿದ ಬೊಂಬೆ, ಗೋಡೆಗೊರಗಿ ಕೂತ ಬೊಂಬೆ, ಅಂಬೆಗಾಲಿಡುವ ಮಗುವಿನ ಬೊಂಬೆ ಇರಲಿ. ಸೀರೆ, ಲುಂಗಿ, ದುಪಟ್ಟಾ ಇರಲಿ. ರಾತ್ರಿಯ ಮಂದ ಬೆಳಕಿನಲ್ಲಿ, ಫಿನೈಲ್ ಹಾಕಿ ಒರೆಸಿದ ಹಸಿ ನೆಲದಲ್ಲಿ ಓಡಿಸಿ ನೋಡಲಿ. ಒತ್ತಡದ ಮಿತಿಯನ್ನು ಮಕ್ಕಳಿಗೆ, ಮುದುಕರಿಗೆ ಬೇರೆಯಾಗಿಯೇ ನಿಗದಿಪಡಿಸಬೇಕು.

ಯಂತ್ರ ನಿಲ್ಲಿಸುವ, ಹಳದಿ ಹಿನ್ನೆಲೆಯ ಕೆಂಪು ಗುಂಡಿ ಒಂದಕ್ಕಿಂತ ಹೆಚ್ಚು ಬದಿಯಲ್ಲಿ, ನೆಲದಲ್ಲಿ ಕೂತವರ ಕೈಗೂ ಎಟುಕುವಂತಿರಬೇಕು. ಯಂತ್ರ ನಿಂತ ಮೇಲೆ ಒಬ್ಬ ಆಯಾ ಕೈಯಿಂದಲೇ ಅದನ್ನು ಹಿಂದಕ್ಕೆ ತಳ್ಳುವಂತಿರಬೇಕು. ಕೈಯಿಂದ ತಳ್ಳುವ ಈ ಮಾತನ್ನು ದಯವಿಟ್ಟು ಮರೆಯಬೇಡಿ. ಎಚ್ಚರಿಕೆಯ ಮಾತು ರಾಜ್ಯದ ಭಾಷೆಯಲ್ಲಿರಬೇಕು. ಹೆರಿಗೆ ವಾರ್ಡಿನಲ್ಲಿ ಕ್ಯಾಮೆರಾ ಏನನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ತಯಾರಕರು ಬರೆದುಕೊಡಬೇಕು.

ಮಾನಕ ಬಂದರೂ ಪಾಲಿಸಲೇಬೇಕೆಂದಿಲ್ಲ ಎಂಬುದು ನಮಗೆ ಗೊತ್ತು. 2016ರ ಭಾರತೀಯ ಮಾನಕ ಬ್ಯೂರೊ ಕಾಯ್ದೆಯ 16ನೇ ಕಲಮಿನಡಿ ಕೇಂದ್ರ ಸರ್ಕಾರ ಅದನ್ನು ಕಡ್ಡಾಯಗೊಳಿಸಬಹುದು. ಹಾಗೆ ಮಾಡುವಂತೆ ತಾವು ಶಿಫಾರಸು ಮಾಡಬೇಕು. ಮಾನಕ ಬರೆಯುವ ಸಮಿತಿಯಲ್ಲಿ ವಾರ್ಡಿನಲ್ಲಿ ದುಡಿಯುವವರೊಬ್ಬರಿಗೆ ಕುರ್ಚಿ ಕೊಡಬೇಕು.

ಪರೀಕ್ಷೆಗೆ ಚಾಪೆ, ಹಳೆಯ ಸೀರೆ ಬೇಕಾದರೆ ನಾವೇ ತರುತ್ತೇವೆ. ರಾತ್ರಿ ಪಾಳಿ ಮುಗಿಯುವುದು ಬೆಳಿಗ್ಗೆ ಎಂಟಕ್ಕೆ. ಅದಾದ ಮೇಲೆ ಯಾವ ದಿನ ಕರೆದರೂ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಆಸ್ಪತ್ರೆ ಸಿಬ್ಬಂದಿ)
ಬೆಂಗಳೂರು