ರಾಕ್ ಶೋ ನೋಡಲು ಸಾಲ ಮಾಡಬೇಕೇ?

ಮೊನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ವಿಜಯನಗರದಲ್ಲಿ ಮೂವರು ಸೇರಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ಅಷ್ಟು ಹೊತ್ತಲ್ಲಿ ಅವನ ಫೋನ್ ಬಂದರೆ ಒಂದೋ ಊರಲ್ಲಿ ಯಾರಿಗೋ ಹುಷಾರಿಲ್ಲ, ಇಲ್ಲವೇ ರೂಮಿನ ಬಾಡಿಗೆ ಕಟ್ಟಬೇಕು. ಈ ಸಲ ಎರಡೂ ಅಲ್ಲ. ‘ಅಣ್ಣಾ, ಆರು ಸಾವಿರ ಇದ್ರೆ ಹಾಕ್ತೀಯಾ? ಕಾನ್ಸರ್ಟ್ ಟಿಕೆಟ್‌ಗೆ. ಕಂತಲ್ಲೂ ಕೊಡ್ತಾರೆ, ಆದ್ರೆ ನನ್ ಹತ್ರ ಕಾರ್ಡ್ ಇಲ್ಲ. ಅಪ್ಪಂಗೆ ಮಾತ್ರ ಹೇಳ್ಬೇಡ’ ಎಂದ.

ಯಾವ ಬ್ಯಾಂಡು ಎನ್ನುವುದು ಇಲ್ಲಿ ಮುಖ್ಯವಲ್ಲ. (ನಿಜ ಹೇಳಬೇಕೆಂದರೆ ಅವನ ಆಯ್ಕೆ ನನಗೆ ಅಷ್ಟೇನೂ ಹಿಡಿಸಲಿಲ್ಲ.) ‘ನೋಡೋಣ’ ಎಂದು ಫೋನ್ ಇಟ್ಟೆ. ಆದರೆ ‘ಅಪ್ಪಂಗೆ ಹೇಳ್ಬೇಡ’ ಎಂಬ ಮಾತು ನಿದ್ದೆ ಮಾಡಲು ಬಿಡಲಿಲ್ಲ. ಯಾಕೆಂದರೆ 2011ರಲ್ಲಿ ಇದೇ ಕೆಲಸವನ್ನು ನಾನೂ ಮಾಡಿದ್ದೆ.

ಆಗ ನಾನು ತುಮಕೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಊರು ಅರಸೀಕೆರೆ ಹತ್ತಿರ. ಮನೆಯಲ್ಲಿ ಒಂದಿಷ್ಟು ತೆಂಗು. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಗೆ ರೇಟು ಸಿಕ್ಕರೆ ನನ್ನ ಫೀಸು, ಇಲ್ಲದಿದ್ದರೆ ಕೈಸಾಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ತನ್ನ ಪೆನ್‌ಡ್ರೈವಿನಿಂದ ಹಾಡುಗಳನ್ನು ಹಾಕಿಕೊಟ್ಟ. ಮೊದಮೊದಲು ತಲೆನೋವು ಬಂತು. ಆಮೇಲೆ ಅವೇ ಬೇಕು ಎನ್ನಿಸತೊಡಗಿತು. ಗಾಯಕ ಏನು ಹೇಳುತ್ತಿದ್ದಾನೆಂದು ತಿಳಿಯದೆ ಸೈಬರ್ ಸೆಂಟರಿನಲ್ಲಿ ಸಾಹಿತ್ಯವನ್ನು ಪ್ರಿಂಟ್ ತೆಗೆಸಿಕೊಂಡು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂರುತ್ತಿದ್ದೆ. ನನಗೆ ಇಂಗ್ಲಿಷ್ ಕಲಿಸಿದ್ದು ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸೂ ಅಲ್ಲ, ಮೆಟಾಲಿಕಾ.

ಅಂಥ ಮೆಟಾಲಿಕಾ ಮೊದಲ ಸಲ ಭಾರತಕ್ಕೆ ಬರುತ್ತದೆ, ಅದರಲ್ಲೂ ಬೆಂಗಳೂರಿಗೆ ಎಂದರೆ? ಅಪ್ಪನಿಗೆ ಫೋನ್ ಮಾಡಿ ‘ಈ ಸಲ ಪರೀಕ್ಷಾ ಶುಲ್ಕ ಜಾಸ್ತಿ ಮಾಡಿದ್ದಾರೆ’ ಎಂದೆ. ಅಪ್ಪ ಎಷ್ಟು ಎಂದು ಕೇಳಿದರೇ ಹೊರತು ಯಾಕೆ ಎಂದು ಕೇಳಲಿಲ್ಲ. ಮೂರನೇ ದಿನ ದುಡ್ಡು ಬಂತು.

ಶೋ ಇದ್ದದ್ದು ಅಕ್ಟೋಬರ್ 30ರ ಭಾನುವಾರ. ಅದಕ್ಕೆ ಎರಡು ದಿನ ಮೊದಲು, ಶುಕ್ರವಾರ, ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಇದೇ ಬ್ಯಾಂಡಿನ ಶೋ ನಡೆಯಬೇಕಿತ್ತು. ವೇದಿಕೆ ಮುಂದಿನ ಬ್ಯಾರಿಕೇಡಿನ ತೊಂದರೆಯಿಂದ ಅದು ಕೊನೇ ಗಳಿಗೆಯಲ್ಲಿ ನಿಂತುಹೋಯಿತು. ಕಾದು ಸುಸ್ತಾದ ಜನ ವೇದಿಕೆಗೆ ನುಗ್ಗಿ ಸಾಮಾನು ಒಡೆದರು. ಆಯೋಜಕರ ಕಡೆಯ ಕೆಲವರನ್ನು ಪೊಲೀಸರು ಬಂಧಿಸಿದರು. ಹಾಸ್ಟೆಲಿನ ಟಿ.ವಿ.ಯಲ್ಲಿ ಆ ಸುದ್ದಿ ನೋಡುತ್ತಾ ನನಗೆ ಹೊಟ್ಟೆ ತೊಳಸಿದಂತಾಯಿತು. ಸುಳ್ಳು ಹೇಳಿ ತಂದ ದುಡ್ಡು, ದೇವರು ಹೀಗೆ ಲೆಕ್ಕ ಚುಕ್ತಾ ಮಾಡುತ್ತಿದ್ದಾನೆ ಅಂದುಕೊಂಡೆ. ಶನಿವಾರ ಇಡೀ ದಿನ ಬೆಂಗಳೂರಿನ ಶೋ ಇದೆಯೋ ಇಲ್ಲವೋ ಎಂದು ಕಂಡಕಂಡವರನ್ನೆಲ್ಲ ಕೇಳಿದ್ದೇ ಬಂತು.

ಇದೆ ಎಂದು ಗೊತ್ತಾದ ಮೇಲೆ ಭಾನುವಾರ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆ. ಅಲ್ಲಿಂದ ಬಸ್ಸಿನಲ್ಲಿ ಮೇಖ್ರಿ ಸರ್ಕಲ್, ಮುಂದೆ ನಡಿಗೆ. ಅರಮನೆ ಮೈದಾನದ ಹೆಸರು ಕೇಳಿ ಮಾತ್ರ ಗೊತ್ತಿತ್ತು. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಮಾರ್ಚ್ 17ರಂದು ಐರನ್ ಮೇಡನ್, ಆಮೇಲೆ ಏರೋಸ್ಮಿತ್, 2008ರಲ್ಲಿ ಮೆಗಾಡೆತ್ ಎಲ್ಲ ಬಂದು ನುಡಿಸಿಹೋದ ಜಾಗ ಅದು. ಗೇಟಿನ ಹೊರಗೆ ಫುಟ್‌ಪಾತಿನಲ್ಲಿ ಕಪ್ಪು ಟೀಶರ್ಟುಗಳ ಸಾಲು ಸಾಲು ಅಂಗಡಿ. ಒಂದನ್ನು ಚೌಕಾಸಿ ಮಾಡಿ ಕೊಂಡು, ಶರ್ಟಿನ ಮೇಲೇ ಹಾಕಿಕೊಂಡೆ.

ಒಳಗೆ ಹೋದಾಗ ಅಳುಕಾಯಿತು. ಸುತ್ತ ಎಲ್ಲರೂ ಟಸ್ ಪುಸ್ ಇಂಗ್ಲಿಷಿನವರು. ಬೂಟು, ಕೂದಲು, ಹಚ್ಚೆ ಎಲ್ಲ ನೋಡಿದರೆ ಇವರೇ ನಿಜವಾದ ಅಭಿಮಾನಿಗಳು, ನಾನು ಟಿಕೆಟ್ ಇದ್ದರೂ ಕದ್ದು ಒಳಗೆ ಬಂದವನು ಎನ್ನುವ ಹಾಗಿತ್ತು. ಕ್ಯಾಂಪಸ್ ಇಂಟರ್‌ವ್ಯೂಗೆ ಹೋದ ಹಳ್ಳಿ ಹುಡುಗರಿಗೆ ಈ ಅಳುಕು ಗೊತ್ತಿರುತ್ತದೆ. ಯಾರೂ ಏನೂ ಅಂದಿರುವುದಿಲ್ಲ, ಆದರೂ ಮೈ ಕುಗ್ಗುತ್ತದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ‘ಲೇ ಮಗಾ, ಆ ನೀರಿನ್ ಬಾಟ್ಲಿ ಇತ್ಲಾಗ್ ಕೊಡ್ಲೇ’ ಎಂದ. ತಿರುಗಿ ನೋಡಿದರೆ ಹುಬ್ಬಳ್ಳಿಯಿಂದ ಬಂದ ನಾಲ್ವರು. ಅವರ ಪಕ್ಕದಲ್ಲಿ ಕೇರಳದವರು, ಇನ್ನೊಂದು ಕಡೆ ಮೇಘಾಲಯದ ಹುಡುಗರ ಒಂದು ಗುಂಪು. ಗುರುಗ್ರಾಮದ ಟಿಕೆಟ್ ಹಾಳಾಗಿ, ಮತ್ತೆ ದುಡ್ಡು ಹೊಂದಿಸಿಕೊಂಡು ಇಲ್ಲಿಗೆ ಓಡಿಬಂದ ಒಬ್ಬನೂ ಇದ್ದ. ಅವನ ಮುಂದೆ ನನ್ನ ಪರೀಕ್ಷಾ ಶುಲ್ಕ ಏನೂ ಅಲ್ಲ!

ಮೊದಲು ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ಬ್ಯಾಂಡು ನುಡಿಸಿತು. ಅವರನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ, ಪಾಪ. ಆಮೇಲೆ ದೀಪ ಆರಿತು. ಮೆಟಾಲಿಕಾ ಶೋ ಯಾವಾಗಲೂ ಶುರುವಾಗುವುದು ಇಟಲಿಯ ಎನ್ನಿಯೊ ಮೊರಿಕೋನೆ ಹಳೆಯ ಕೌಬಾಯ್ ಸಿನಿಮಾವೊಂದಕ್ಕೆ ಮಾಡಿದ ಸಂಗೀತದಿಂದ. ಅದು ಮೊಳಗುತ್ತಿದ್ದಂತೆ ಸಾವಿರಾರು ಜನ ಬಾಯಲ್ಲೇ ಅದರ ರಾಗ ಎಳೆಯತೊಡಗಿದರು. ನಾನೂ ಎಳೆದೆ. ಮಾತಿಲ್ಲದ ಆ ರಾಗಕ್ಕೆ ಯಾವ ಮಾಧ್ಯಮವೂ ಇರಲಿಲ್ಲ. ಆಮೇಲೆ ‘ಕ್ರೀಪಿಂಗ್ ಡೆತ್’ ಶುರುವಾಯಿತು ನೋಡಿ, ಡ್ರಮ್ಮಿನ ಏಟು ಕಿವಿಗಿಂತ ಮೊದಲು ಎದೆಗೆ ಬಿತ್ತು. ಇಯರ್‌ಫೋನಿನಲ್ಲಿ ನೂರು ಸಲ ಕೇಳಿದ ಹಾಡು ಅದೇ. ಆದರೆ ಅಂಗಾಲಿನಿಂದ ನೆಲದ ನಡುಕ ಹತ್ತಿ ಬರುತ್ತದೆಂದು ಇಯರ್‌ಫೋನು ಯಾವತ್ತೂ ಹೇಳಿರಲಿಲ್ಲ.

ರಾಕ್ ಶೋಗಳಲ್ಲಿ ವೇದಿಕೆ ಮುಂದೆ ಹುಡುಗರು ದೊಡ್ಡ ಸುತ್ತು ಕಟ್ಟಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುತ್ತಾರೆ. ಮಾಷ್ ಪಿಟ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಹೊಡೆದಾಟವೇ. ನೂಕಾಟದಲ್ಲಿ ಅದರೊಳಗೆ ಸಿಕ್ಕಿಕೊಂಡೆ, ಬಿದ್ದೆ, ಕನ್ನಡಕ ಹಾರಿಹೋಯಿತು. ಮುಗಿಯಿತು ನನ್ನ ಕಥೆ ಎಂದುಕೊಳ್ಳುವಷ್ಟರಲ್ಲಿ ನಾಲ್ಕು ಕೈ ನನ್ನನ್ನು ಎತ್ತಿ ನಿಲ್ಲಿಸಿದವು. ಒಬ್ಬ ‘ಗ್ಲಾಸಸ್, ಗ್ಲಾಸಸ್’ ಎಂದು ಕೂಗಿದ. ಐದಾರು ಮಂದಿ ಕೈಕೈ ಹಿಡಿದು ಬೇಲಿಯಂತೆ ನಿಂತರು. ಮೊಬೈಲಿನ ಬೆಳಕಿನಲ್ಲಿ ಹುಡುಕಿ ನನ್ನ ಕನ್ನಡಕವನ್ನು ಕೈಗಿಟ್ಟು, ಬೆನ್ನಿಗೊಂದು ಗುದ್ದು ಕೊಟ್ಟು ಮತ್ತೆ ಕುಣಿಯತೊಡಗಿದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಬಂದಾಗ ಗೀಚು ಬಿದ್ದ ಆ ಕನ್ನಡಕದೊಳಗಿಂದಲೇ ನೋಡುತ್ತಾ ಅತ್ತೆ. ಪಕ್ಕದಲ್ಲಿದ್ದ ಹುಬ್ಬಳ್ಳಿಯವನೂ ಅಳುತ್ತಿದ್ದ.

ಕೊನೇ ರೈಲು ಹೋಗಿಯಾಗಿತ್ತು. ಯಶವಂತಪುರದವರೆಗೆ ನಡೆದುಬಂದು ಪ್ಲಾಟ್‌ಫಾರಂನಲ್ಲಿ ಬ್ಯಾಗು ತಲೆಗಿಟ್ಟು ಮಲಗಿದೆ. ಎರಡು ದಿನ ಬಿಟ್ಟು ಕಾಲೇಜಿನಲ್ಲಿ ರಾಜ್ಯೋತ್ಸವ. ಕೊರಳಲ್ಲಿ ಕೆಂಪು-ಹಳದಿ ಶಾಲು ಹಾಕಿಕೊಂಡಿದ್ದ ಗೆಳೆಯನೊಬ್ಬ ‘ಏನಪ್ಪಾ, ಕನ್ನಡದ ಹಾಡು ಬಿಟ್ಟು ಆ ಅರಚಾಟ ಕೇಳೋಕೆ ಹೋಗಿದ್ಯಂತೆ’ ಎಂದು ಕುಟುಕಿದ. ಆಗ ಉತ್ತರ ಹೊಳೆಯಲಿಲ್ಲ. ಉತ್ತರ ಸಿಕ್ಕಿದ್ದು ಅಪ್ಪನಿಂದ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಊರಿಗೆ ಹೋಗಿದ್ದಾಗ ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಟಿಕೆಟ್ ಅಪ್ಪನ ಕೈಗೆ ಸಿಕ್ಕಿತು. ಇಂಗ್ಲಿಷ್ ಓದಲು ಬರದಿದ್ದರೂ ಅಂಕಿ ಓದಲು ಬರುತ್ತಿತ್ತು. ಪರೀಕ್ಷಾ ಶುಲ್ಕದ ಅಂಕಿಯೇ ಅದು. ಅಪ್ಪ ಬೈಯಲಿಲ್ಲ. ‘ನಾಟ್ಕನಾ?’ ಎಂದರು. ‘ಹಾಡು’ ಎಂದೆ. ‘ಜನ ಬಂದಿದ್ರಾ?’ ‘ಬಾಳ ಜನ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೋಯ್ತೀನಿ ಅಂದಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ಸುಳ್ ಯಾಕ್ ಹೇಳ್ದೆ?’ ಎಂದರು. ಆ ಮಾತು ಬೈಗುಳಕ್ಕಿಂತ ಜೋರಾಗಿ ಬಿತ್ತು.

ನಮ್ಮ ಸೀಮೆಯ ಪೌರಾಣಿಕ ನಾಟಕ ನೋಡಿದವರಿಗೆ ಅಪ್ಪನ ಮಾತು ಅರ್ಥವಾಗುತ್ತದೆ. ಊರವರೇ ಸೇರಿ ಕುರುಕ್ಷೇತ್ರ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸುತ್ತಾರೆ. ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನ ಪಾತ್ರಕ್ಕೆ ಜಾಸ್ತಿ ಎಂದು ಇಬ್ಬರು ಹಂಚಿಕೊಳ್ಳುವುದೂ ಉಂಟು. ನಮ್ಮಪ್ಪ ಒಂದು ವರ್ಷ ಎರಡನೇ ದುರ್ಯೋಧನ ಆಗಿದ್ದರು. ಆ ವರ್ಷದ ಎರಡು ಚೀಲ ಕೊಬ್ಬರಿ ದುರ್ಯೋಧನನ ಪಾಲಾಯಿತು ಎಂದು ಅವ್ವ ಇವತ್ತಿಗೂ ಅಂದು ತೋರಿಸುತ್ತಾರೆ. ಬೆಳಗಿನ ಜಾವದವರೆಗೆ ಜನ ಕದಲುವುದಿಲ್ಲ, ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಎದ್ದು ಹೋಗಿ ನೋಟಿನ ಹಾರ ಹಾಕುತ್ತಾರೆ. ಗೌಡರ ಮಗನೂ ಕೂಲಿಯವನೂ ಒಂದೇ ಬಯಲಲ್ಲಿ ಕೂತು ನೋಡುತ್ತಾರೆ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ, ಮುಂದಿನ ಕುರ್ಚಿ ಯಾರಿಗೆ ಎಂಬುದು ಅಲ್ಲೂ ತೀರ್ಮಾನವಾಗಿರುತ್ತದೆ. ಆದರೆ ಚಾಪೆ ತಂದವನನ್ನು ಯಾರೂ ವಾಪಸ್ ಕಳಿಸುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ಈಗಿನ ದೊಡ್ಡ ಕಾನ್ಸರ್ಟುಗಳಲ್ಲಿ ಚಾಪೆಯವನಿಗೆ ಜಾಗ ಇಲ್ಲ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಬ್ಯಾಂಡು ನವಿ ಮುಂಬೈಗೆ ಬಂದಾಗ ಟಿಕೆಟ್ 2,500 ರೂಪಾಯಿಯಿಂದ 35,000ದವರೆಗೆ ಇತ್ತು. ಲಕ್ಷಗಟ್ಟಲೆ ಜನ ಆನ್‌ಲೈನ್ ಸರದಿಯಲ್ಲಿ ಕಾದು ಬರಿಗೈಲಿ ಉಳಿದರು, ಅದೇ ಟಿಕೆಟ್ ಕಾಳಸಂತೆಯಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಂಡಿತು. ಮೈದಾನವನ್ನೇ ಹೊಲದ ಬದುವಿನಂತೆ ತುಂಡು ತುಂಡು ಮಾಡುತ್ತಾರೆ. ವೇದಿಕೆ ಹತ್ತಿರ ದುಡ್ಡಿದ್ದವರ ಆವರಣ, ಅದರ ಪಕ್ಕ ಇನ್ನೂ ದುಡ್ಡಿದ್ದವರ ಕಟ್ಟೆ, ಹಾಡನ್ನು ಬಾಯಿಪಾಠ ಮಾಡಿದ ಹುಡುಗರು ಹಿಂದೆ ದೂರದಲ್ಲಿ ಎಲ್‌ಇಡಿ ಪರದೆ ನೋಡುತ್ತಾ ನಿಲ್ಲಬೇಕು. ಪರದೆಯಲ್ಲೇ ನೋಡುವುದಾದರೆ ರೂಮಿನಲ್ಲೇ ನೋಡಬಹುದಲ್ಲ?

ಮುಂದೆ ನಿಂತವರಾದರೂ ನೋಡುತ್ತಾರೋ ಎಂದರೆ ಅದೂ ಇಲ್ಲ. ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಫೋನು. ಐರನ್ ಮೇಡನ್‌ನವರು 2025ರ ಪ್ರವಾಸದಲ್ಲಿ ದಯವಿಟ್ಟು ಫೋನ್ ಜೇಬಿನಲ್ಲಿಡಿ ಎಂದು ಅಭಿಮಾನಿಗಳನ್ನು ಕೇಳಿಕೊಳ್ಳಬೇಕಾಯಿತು. ನನ್ನ ಹತ್ತಿರ 2011ರ ಆ ರಾತ್ರಿಯ ಒಂದೇ ಒಂದು ವಿಡಿಯೊ ಇಲ್ಲ. ಇದ್ದಿದ್ದರೆ ಇಷ್ಟು ಬರೆಯಲು ಆಗುತ್ತಿತ್ತೋ ಇಲ್ಲವೋ.

ಆಯೋಜಕರಿಗೆ ನಷ್ಟ ಮಾಡಿಕೊಳ್ಳಿ ಎಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಪಾಲು ಟಿಕೆಟ್ಟನ್ನು ಕಾಲೇಜಿನ ಗುರುತಿನ ಚೀಟಿ ತೋರಿಸಿದವರಿಗೆ ಕಡಿಮೆ ಬೆಲೆಗೆ ಕೊಡಲು ಏನು ಅಡ್ಡಿ? ಹೊರಗಿನ ನೀರಿನ ಬಾಟಲಿ ಬಿಡದಿದ್ದ ಮೇಲೆ ಒಳಗೆ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಡವೇ? ಐಪಿಎಲ್ ಪಂದ್ಯವಿದ್ದಾಗ ತಡರಾತ್ರಿವರೆಗೆ ಓಡುವ ಮೆಟ್ರೊ, ಕಾನ್ಸರ್ಟ್ ಇದ್ದಾಗಲೂ ಓಡಬಾರದೇ? ಜನಸಂದಣಿಯ ಸುರಕ್ಷತೆ ಬಗ್ಗೆಯಂತೂ ಹೇಳುವುದೇ ಬೇಡ. 2021ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಸಂಗೀತೋತ್ಸವದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 10 ಜನ ಸತ್ತರು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜೀವ ಹೋದವು. ಬಿದ್ದವನನ್ನು ಎತ್ತುವ ಕೈ ಗುಂಪಿನಲ್ಲಿ ಇದ್ದೇ ಇರುತ್ತದೆ, ಆದರೆ ಆ ಕೈ ಆಡಲು ಜಾಗ ಇರಬೇಕಲ್ಲ. ಆ ಜಾಗ ಬಿಡಬೇಕಾದದ್ದು ಟಿಕೆಟ್ ಮಾರಿದವರ ಕೆಲಸ.

ಇನ್ನು ಆರು ಸಾವಿರ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ರಾಕ್ ಬೆಳೆದದ್ದು ವಿದೇಶಿ ಬ್ಯಾಂಡುಗಳಿಂದ ಅಲ್ಲವೇ ಅಲ್ಲ. 1996ರಲ್ಲಿ ಶುರುವಾದ ಫ್ರೀಡಂ ಜ್ಯಾಮ್ ಸ್ವಾತಂತ್ರ್ಯ ದಿನದ ಆಸುಪಾಸು ಪುಕ್ಕಟೆಯಾಗಿ ನಡೆಯುತ್ತಿತ್ತು. ನ್ಯಾಷನಲ್ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಸ್ಪರ್ಧೆ ಎಷ್ಟೋ ಹೊಸ ಬ್ಯಾಂಡುಗಳಿಗೆ ಮೆಟ್ಟಿಲಾಯಿತು. ಥರ್ಮಲ್ ಅಂಡ್ ಎ ಕ್ವಾರ್ಟರ್, ಕ್ರಿಪ್ಟೋಸ್, ಸ್ವರಾತ್ಮ ಎಲ್ಲ ಇಲ್ಲಿನವರೇ. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿಗೆ ಹಾಡಿದ್ದನ್ನು ಮೊದಲ ಸಲ ಕಾಲೇಜು ಫೆಸ್ಟೊಂದರಲ್ಲಿ ಕೇಳಿದಾಗ, ಕುಟುಕಿದ್ದ ಆ ಗೆಳೆಯ ನನ್ನ ಪಕ್ಕದಲ್ಲೇ ಕುಣಿಯುತ್ತಿದ್ದ. ಅಂಥ ಶೋನಲ್ಲಿ ಗಾಯಕನ ಹಣೆಯ ಬೆವರು ಕಾಣುತ್ತದೆ, ತಂತಿ ಹರಿದರೆ ಹರಿದದ್ದು ಕೇಳಿಸುತ್ತದೆ. ನಾನು ಆಮೇಲೆ ನೋಡಿದ ಶೋಗಳಲ್ಲಿ ಹೆಚ್ಚಿನವು ಇಂಥವೇ. ಅರಮನೆ ಮೈದಾನದ ರಾತ್ರಿಯನ್ನು ಅವು ಮರೆಸಿಲ್ಲ, ಅದು ಬೇರೆ ಮಾತು.

ಅಪ್ಪನಿಗೊಮ್ಮೆ ಮೆಟಾಲಿಕಾ ಹಾಡು ಕೇಳಿಸಿದೆ. ಅರ್ಧ ನಿಮಿಷ ಕೇಳಿ, ‘ಹಾರ್ಮೋನಿಯಂ ಇಲ್ವಾ ಇದ್ರಲ್ಲಿ?’ ಎಂದು ಇಯರ್‌ಫೋನ್ ತೆಗೆದುಕೊಟ್ಟರು.

ಚಿಕ್ಕಪ್ಪನ ಮಗನಿಗೆ ಮರುದಿನ ಬೆಳಿಗ್ಗೆ ಮೆಸೇಜ್ ಹಾಕಿದೆ. ‘ಕಂತು ಗಿಂತು ಬೇಡ. ಆರು ಸಾವಿರ ನಾನೇ ಹಾಕ್ತೀನಿ, ಕೆಲಸ ಸಿಕ್ಕಿದ ಮೇಲೆ ಕೊಡು. ಆದ್ರೆ ಮೊದ್ಲು ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲಿಗೆ ಹೋಗ್ತೀನಿ, ಟಿಕೆಟ್ ಎಷ್ಟು ಅಂತ ನೀನೇ ಹೇಳು.’ ನೀಲಿ ಟಿಕ್ ಬಂದು ಮೂರು ದಿನವಾಯಿತು. ಉತ್ತರ ಇನ್ನೂ ಬಂದಿಲ್ಲ.