ಕುರ್ಚಿ ಬಂತು, ಹೊಸ್ತಿಲು ಹಾಗೇ ಇತ್ತು

ನಮ್ಮ ಯಜಮಾನರನ್ನು ಆಸ್ಪತ್ರೆಯಿಂದ ಕರೆತಂದ ದಿನ ಜೀಪು ಅಂಗಳದವರೆಗೆ ಬಂತು. ಅಲ್ಲಿಂದ ಜಗಲಿಗೆ ನಾಲ್ಕು ಮೆಟ್ಟಿಲು. ಮೈದುನ ಮತ್ತು ಪಕ್ಕದ ಮನೆಯ ಇಬ್ಬರು ಹುಡುಗರು ಸೇರಿ ಕಂಬಳಿಯಲ್ಲಿ ಎತ್ತಿಕೊಂಡು ಒಳಗೆ ತಂದರು. ತಲೆ ದಾರಂದಕ್ಕೆ ತಾಗದ ಹಾಗೆ ನಾನು ಕೈ ಅಡ್ಡ ಹಿಡಿದಿದ್ದೆ. ಅದಾದ ಮೇಲೆ ಹನ್ನೊಂದು ತಿಂಗಳು ಇವರು ಅಂಗಳ ಕಾಣಲಿಲ್ಲ.

ನಮ್ಮದು ವರದಹಳ್ಳಿ ಕಡೆಯ ಹಳೆಯ ಹಂಚಿನ ಮನೆ, ಮಾವನವರ ಅಪ್ಪ ಕಟ್ಟಿಸಿದ್ದು. ಶ್ರೀಧರ ಸ್ವಾಮಿಗಳು 1973ರಲ್ಲಿ ಸಮಾಧಿಯಾದ ಊರು ಎಂದರೆ ದೂರದವರಿಗೂ ಗೊತ್ತಾಗುತ್ತದೆ. ಗುಡ್ಡ ಹತ್ತಿ ದರ್ಶನ ಮಾಡಿ ಬರುವುದು ಇವರಿಗೆ ಚಿಕ್ಕಂದಿನ ರೂಢಿ. ಅಡಿಕೆ ಮರ ಹತ್ತುವುದೂ ಹಾಗೆಯೇ. ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ಮಳೆ ಒಂದು ಹೊತ್ತು ಬಿಟ್ಟಿತ್ತು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕದಡಿ ಇಟ್ಟಾಗಿತ್ತು, ಮರ ಹತ್ತುವ ಕೊನೆಗೌಡ ಸಿಗಲಿಲ್ಲ. ಇವರೇ ಹತ್ತಿದರು. ಪಾಚಿಗಟ್ಟಿದ ಮರ, ಕಾಲು ಜಾರಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಈಗ ಹಗುರವಾದ ಕಾರ್ಬನ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಿದ್ದ ಆರನೇ ತಿಂಗಳಿಗೆ ಒಂದು ಕಾರ್ಯಕ್ರಮದಲ್ಲಿ ಗಾಲಿಕುರ್ಚಿ ಕೊಟ್ಟರು. ಒಳ್ಳೆಯ ಕುರ್ಚಿ, ಕೊಟ್ಟವರ ಮನಸ್ಸೂ ಒಳ್ಳೆಯದೇ. ಆದರೆ ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ಬಾಗಿಲು ಎಷ್ಟು ಅಗಲ, ಬಚ್ಚಲು ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ಕುರ್ಚಿ 25 ಇಂಚು ಅಗಲ. ಮಲಗುವ ಕೋಣೆಯ ಬಾಗಿಲು 24 ಇಂಚು. ಪ್ರಧಾನ ಬಾಗಿಲು 28 ಇದ್ದರೂ ಐದು ಇಂಚಿನ ಹೊಸ್ತಿಲು. ಐದು ತಿಂಗಳು ಆ ಕುರ್ಚಿ ಜಗಲಿಯ ಮೂಲೆಯಲ್ಲಿ ಮಡಚಿಯೇ ಇತ್ತು.

ಹಿರಿಯರು ಮನೆಯನ್ನು ತಪ್ಪಾಗಿ ಕಟ್ಟಿದ್ದರು ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ಮಳೆಗೆ ಪಾಯ ಎತ್ತರವೇ ಆಗಬೇಕು, ಇಲ್ಲದಿದ್ದರೆ ಇರಿಚಲು ಹೊಡೆದು ಗೋಡೆ ಕುಸಿಯುತ್ತದೆ. ಹೊಸ್ತಿಲು ಎತ್ತರ ಇದ್ದರೆ ಹಾವು, ಚೇಳು ಒಳಗೆ ಬರುವುದು ಕಡಿಮೆ. ಎಲ್ಲದಕ್ಕೂ ಕಾರಣ ಇತ್ತು. ಆ ಕಾರಣಗಳನ್ನು ಉಳಿಸಿಕೊಂಡೇ ಮನೆಯನ್ನು ಬದಲಿಸಬೇಕಿತ್ತು.

ಮೇಸ್ತ್ರಿ ಮೊದಲು ಹಾಕಿದ ಇಳಿಜಾರು ಹತ್ತು ಅಡಿಯದು. ಇಬ್ಬರು ದೂಡಿದರೂ ಕುರ್ಚಿ ಹಿಂದಕ್ಕೆ ಬರುತ್ತಿತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಎಂಬ ಲೆಕ್ಕ ನಮಗೆ ಗೊತ್ತಾದದ್ದು ಆಮೇಲೆ. ನಮ್ಮ ಜಗಲಿ ಎರಡೂವರೆ ಅಡಿ, ಅಂದರೆ 30 ಅಡಿ. ನೇರ ಹಾಕಿದರೆ ಅಡಿಕೆ ಒಣಗಿಸುವ ಅಂಗಳ ಪೂರ್ತಿ ಹೋಗುತ್ತಿತ್ತು. ಕೊನೆಗೆ ಗೋಡೆಗುಂಟ ಹದಿನೈದು ಅಡಿ ಹೋಗಿ, ಐದು ಅಡಿ ಸಮತಟ್ಟು ಮಾಡಿ, ತಿರುಗಿ ಹದಿನೈದು ಅಡಿ ಬರುವ ಹಾಗೆ ಜಂಬಿಟ್ಟಿಗೆ ಕಟ್ಟಿ ಸಿಮೆಂಟು ಹಾಕಿಸಿದೆವು. ಹಸಿ ಇದ್ದಾಗಲೇ ಹಿಡಿಕಡ್ಡಿಯಲ್ಲಿ ಅಡ್ಡಡ್ಡ ಗೀರು ಎಳೆದದ್ದು ನಾನು. ನುಣುಪಾಗಿ ಬಿಟ್ಟರೆ ಒಂದೇ ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮೇಲೆ ತಗಡಿನ ಮಾಡು ಇಳಿಸಿದ್ದೂ ಅದಕ್ಕೇ.

ಕಷ್ಟವಾದದ್ದು ಹೊಸ್ತಿಲು. ಅತ್ತೆ ಐವತ್ತು ವರ್ಷ ದಿನ ತಪ್ಪದೆ ತೊಳೆದು, ರಂಗೋಲಿ ಎಳೆದು, ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅದು. ಅದನ್ನು ತೆಗೆಯಿರಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕೊಟ್ಟಿಗೆ ಕಡೆ ನೆಲ ಸಮ ಇದೆ, ಹಿಂದಿನಿಂದಲೇ ಒಂದು ಬಾಗಿಲು ಒಡೆದರೆ ಖರ್ಚೂ ಕಡಿಮೆ ಎಂದರು ಮರಗೆಲಸದ ಆಚಾರ್ರು. ನಾನೂ ಒಪ್ಪಿದ್ದೆ. ಅತ್ತೆ ಅಡಿಗೆಮನೆಯಿಂದ ಎದ್ದು ಬಂದು, ‘ಮನೆ ಮಗ ಕೊಟ್ಟಿಗೆ ಬಾಗಿಲಲ್ಲಿ ಬರೋದು ಬೇಡ ಆಚಾರ್ರೇ, ಹೊಸ್ತಿಲೇ ತೆಗೀರಿ’ ಅಂದರು. ಆಚಾರ್ರು ಎರಡು ಕಂಬಗಳ ನಡುವಿನ ಹಲಸಿನ ತುಂಡನ್ನು ಕೊಯ್ದು ತೆಗೆದರು, ನೆಲ ಅಗೆದು ಅದನ್ನೇ ಮಟ್ಟವಾಗಿ ಹುಗಿದರು. ಹುಳ ಬರದಂತೆ ಬಾಗಿಲ ತಳಕ್ಕೆ ಪಟ್ಟಿ ಹೊಡೆದರು. ಅತ್ತೆ ಈಗಲೂ ಅದೇ ಮರಕ್ಕೆ ಕುಂಕುಮ ಇಡುತ್ತಾರೆ. ಗಾಲಿಗೆ ಅಂಟಿ ನಡುಮನೆವರೆಗೂ ಕೆಂಪು ಗೆರೆ ಬೀಳುತ್ತದೆ, ನಾನು ಒರೆಸುತ್ತೇನೆ.

ಕೋಣೆಯ ಬಾಗಿಲನ್ನು ಮೂರು ಅಡಿ ಮಾಡಿಸಿದೆವು. ಹೊರಗಿನ ಬಚ್ಚಲು, ಅದರಾಚೆಯ ಪಾಯಿಖಾನೆ ಎರಡೂ ಇವರಿಗೆ ದೂರವಾಗಿದ್ದವು. ಜಗಲಿ ತುದಿಯ ಉಗ್ರಾಣವನ್ನೇ ಬಚ್ಚಲು ಮಾಡಿ, ಕುರ್ಚಿಯಷ್ಟೇ ಎತ್ತರದ ಕಮೋಡು ಇಟ್ಟು, ಗೋಡೆಗೆ ಹಿಡಿಕೆ ಹಾಕಿಸಿದೆವು. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಕ್ಕೆ ತೆರೆದರೆ ಕುರ್ಚಿಗೆ ತಡೆ. ಒಂದು ಸಲ ಹಂಡೆಯ ನೀರು ಇವರ ಪಾದಕ್ಕೆ ಬಿದ್ದು ಬೊಬ್ಬೆ ಎದ್ದಿತ್ತು. ಸ್ಪರ್ಶ ಇಲ್ಲ, ಗೊತ್ತೇ ಆಗಲಿಲ್ಲ. ಆಮೇಲೆ ನಾನು ಕೈಯದ್ದಿ ನೋಡದ ನೀರು ಇವರ ಮೈಗೆ ಬಿದ್ದಿಲ್ಲ.

ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಆಯಿತು. ಆ ವರ್ಷದ ಅಡಿಕೆ ದುಡ್ಡು ಪೂರ್ತಿ ಅದಕ್ಕೇ ಹೋಯಿತು. ಅಷ್ಟೂ ತೋಟ ಇಲ್ಲದವರು, ಕೂಲಿಗೆ ಮರ ಹತ್ತಿ ಬಿದ್ದವರು ಏನು ಮಾಡಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಪ್ರವೇಶಯೋಗ್ಯ ಆಗಬೇಕು ಎನ್ನುತ್ತದೆ. ಆ ನಿಯಮಗಳು ಬರೀ ಸಲಹೆಯಾಗಿರಬಾರದು, ಕಡ್ಡಾಯ ಆಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಬಹಳ ಸಂತೋಷ. ಆದರೆ ಸ್ವಂತ ಮನೆಯ ಹೊಸ್ತಿಲು ದಾಟದವನು ಬ್ಯಾಂಕಿನ ರ‍್ಯಾಂಪಿನವರೆಗೆ ಹೋಗುವುದು ಹೇಗೆ? ಗ್ರಾಮ ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಅದರಲ್ಲಿ ಮೊದಲ ಪಾಲು ಮನೆಯ ಇಳಿಜಾರಿಗೆ, ಬಾಗಿಲಿಗೆ, ಬಚ್ಚಲಿಗೆ ಹೋಗಬೇಕು ಎಂಬುದು ನನ್ನ ಒತ್ತಾಯ. ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರ ಕೈಗೊಂದು ಟೇಪು ಕೊಡಿ. ಬೆನ್ನುಹುರಿ ಪೆಟ್ಟಿನವರು ಆಸ್ಪತ್ರೆಯಿಂದ ಹೊರಡುವ ಮೊದಲೇ ಮನೆಯ ಅಳತೆ ಆಗಲಿ, ಕುರ್ಚಿಯ ಜೊತೆಗೇ ಮೇಸ್ತ್ರಿಯ ಖರ್ಚೂ ಮಂಜೂರಾಗಲಿ. ಹನ್ನೊಂದು ತಿಂಗಳು ಮಲಗಿದಲ್ಲೇ ಇದ್ದುದರಿಂದ ಇವರ ಬೆನ್ನಿಗೆ ಬಂದ ಹಾಸಿಗೆ ಹುಣ್ಣು ಮಾಯಲು ಇನ್ನೂ ಎಂಟು ತಿಂಗಳು ಬೇಕಾಯಿತು.

ಹೋದ ವಾರ ಕೆಳಗಿನ ಕೇರಿಯ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ಮನೆಗೆ ಬಂದಿದ್ದಾರೆ. ನಾನು ನಮ್ಮ ಟೇಪು ಹಿಡಿದು ಹೋಗಿದ್ದೆ. ಜಗಲಿ ಎರಡು ಅಡಿ, ಅಂಗಳ ಹದಿನೆಂಟೇ ಅಡಿ. ಎಲ್ಲಿ ತಿರುಗಿಸಬೇಕು ಎಂದು ಇವರು ಹಳೆಯ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆದುಕೊಟ್ಟಿದ್ದಾರೆ. ಮೇಸ್ತ್ರಿ ಸೋಮವಾರ ಬರುತ್ತೇನೆ ಅಂದಿದ್ದಾರೆ.